ಗ್ರೀಕ್ ಅಕ್ಷರದ ತಲೆಗುರುತು ಕೆಡದಂತೆ: ಫೈಲ್ ತೆರೆಯುವುದರಿಂದ ಅಚ್ಚಿನವರೆಗೆ

ಕಾಸರಗೋಡಿನಲ್ಲಿ ಅಚ್ಚಾಗುವ ಕನ್ನಡ ಬರಹಗಳಲ್ಲಿ ಗ್ರೀಕ್ ಪದ ಅಪರೂಪದ್ದೇನಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ 413ನೆಯ ಪಪೈರಸ್‌ನ ಪ್ರಹಸನದಲ್ಲಿ ಬರುವ ಪರಭಾಷೆಯ ಮಾತು ಕನ್ನಡವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ಬರೆದವರು. ಹಾಗಾಗಿ ತುಳುನಾಡಿನ ಚರಿತ್ರೆಯ ಪ್ರಬಂಧ, ಸ್ಮರಣ ಸಂಚಿಕೆ, ಸಂಶೋಧನಾ ಪತ್ರಿಕೆ ಯಾವುದನ್ನು ತೆಗೆದರೂ ಆ ಪ್ರಹಸನದ ನಾಯಕಿ ಖರಿತಿಯೊನ್‌ಳ ಹೆಸರನ್ನು ಗ್ರೀಕ್ ಲಿಪಿಯಲ್ಲೇ ಕೊಡುವ ಸಂದರ್ಭ ಬರುತ್ತದೆ. ಅದೇ ಪುಟದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಕೂಡ ಇರುತ್ತವೆ. ಕೆಡುವುದು ಮೊದಲು ಗ್ರೀಕ್, ಅದರಲ್ಲೂ ತಲೆಗುರುತು ಇರುವ ಅಕ್ಷರ.

ಆ ಹೆಸರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಗ್ರೀಕಿನಲ್ಲಿ ಎಂಟು ಅಕ್ಷರ: ಖೀ, ಆಲ್ಫಾ, ರೋ, ತಲೆಗುರುತಿನ ಇಯೋಟಾ, ಟಾವ್, ಇಯೋಟಾ, ಒಮಿಕ್ರಾನ್, ನ್ಯೂ. ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಇವುಗಳ ಸಂಖ್ಯೆಗಳು ಕ್ರಮವಾಗಿ 935, 945, 961, 943, 964, 953, 959, 957. ಇಲ್ಲಿ ಕೊಟ್ಟಿರುವ ಎಲ್ಲ ಸಂಖ್ಯೆಯೂ ದಶಮಾನದ್ದು. ವರ್ಡ್‌ನಲ್ಲಿ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್-ಎಕ್ಸ್ ಒತ್ತಿದರೆ ಬರುವುದು ಹೆಕ್ಸ್, ಅಂದರೆ ಹದಿನಾರರ ಮಾನದ ಸಂಖ್ಯೆ. ಅದನ್ನು ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ಮೋಡ್‌ನಲ್ಲಿ ಹಾಕಿದರೆ ದಶಮಾನ ಸಿಗುತ್ತದೆ.

ಒಂದೇ ರೂಪ, ಮೂರು ಸಂಖ್ಯೆ

ಗ್ರೀಸ್‌ನಲ್ಲಿ 1982ರಿಂದ ಒಂದೇ ತಲೆಗುರುತಿನ ಬರವಣಿಗೆ ಅಧಿಕೃತವಾಯಿತು. ಆ ಗುರುತಿನ ಹೆಸರು ಟೋನೋಸ್. ಹಳೆಯ ಗ್ರೀಕಿಗೆ ಇಷ್ಟು ಸಾಲದು. ಓಕ್ಸಿಯಾ, ವರೀಯಾ, ಪೆರಿಸ್ಪೊಮೆನಿ ಎಂಬ ಮೂರು ಸ್ವರಭಾರಗಳು, ಪ್ಸಿಲಿ ಮತ್ತು ದಾಸಿಯಾ ಎಂಬ ಎರಡು ಉಸಿರುಗುರುತುಗಳು, ಅಕ್ಷರದ ಅಡಿಯಲ್ಲಿ ಬರುವ ಪುಟ್ಟ ಇಯೋಟಾ, ಎರಡು ಚುಕ್ಕೆಯ ಡಿಯಲಿಟಿಕಾ ಎಲ್ಲವೂ ಬೇಕು. ಯುನಿಕೋಡ್‌ನಲ್ಲಿ ಹೊಸ ಗ್ರೀಕಿನ ಅಕ್ಷರಗಳು 880ರಿಂದ 1023ರ ಖಂಡದಲ್ಲಿವೆ, ಹಳೆಯದಕ್ಕೆ ಬೇಕಾದ ಸಿದ್ಧ ಜೋಡಣೆಗಳು 7936ರಿಂದ 8191ರ ಖಂಡದಲ್ಲಿವೆ. ಇದಲ್ಲದೆ ಬಿಡಿ ಗುರುತುಗಳೂ ಇವೆ: ವರೀಯಾ 768, ಓಕ್ಸಿಯಾ ಅಥವಾ ಟೋನೋಸ್ 769, ಡಿಯಲಿಟಿಕಾ 776, ಪ್ಸಿಲಿ 787, ದಾಸಿಯಾ 788, ಪೆರಿಸ್ಪೊಮೆನಿ 834, ಅಡಿಯ ಇಯೋಟಾ 837.

ಹಾಗಾಗಿ ಖರಿತಿಯೊನ್ ಪದದ ನಾಲ್ಕನೆಯ ಅಕ್ಷರ ಮೂರು ರೀತಿಯಲ್ಲಿ ಬರಬಹುದು. ಟೋನೋಸ್ ಇರುವ 943 ಒಂದು, ಓಕ್ಸಿಯಾ ಇರುವ 8055 ಇನ್ನೊಂದು, ಬರೀ ಇಯೋಟಾ 953ರ ನಂತರ ಬಿಡಿ ಗುರುತು 769 ಮತ್ತೊಂದು. ಈ ಸಂಖ್ಯೆಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಇಡೀ ಪದ ಕ್ರಮವಾಗಿ 16, 17, 18 ಬೈಟ್ ಆಗುತ್ತದೆ. ಒಳ್ಳೆಯ ಫಾಂಟಿನಲ್ಲಿ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ಬೈಟ್‌ಗೆ ಬೈಟ್ ಹೋಲಿಸುವ ಹುಡುಕಾಟಕ್ಕೆ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ, ಪದಸೂಚಿಯಲ್ಲಿ ಒಂದೇ ಹೆಸರು ಮೂರು ಕಡೆ ನಮೂದಾಗುತ್ತದೆ. ಬ್ರೌಸರಿನ ಹುಡುಕಾಟವನ್ನು ಪರೀಕ್ಷೆಯಾಗಿ ನಂಬಬೇಡಿ. ಅದು ತಲೆಗುರುತನ್ನು ಲೆಕ್ಕಿಸದೆ ಹುಡುಕುವುದರಿಂದ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ.

ಕನ್ನಡದಲ್ಲೂ ಇದೇ ಸಂಗತಿ ಇದೆ. ‘ಕೊ’ ಬರೆಯಲು ಕಕಾರದ ಜೊತೆ 3274 ಎಂಬ ಒಂದೇ ಸ್ವರಚಿಹ್ನೆ ಹಾಕಬಹುದು, 3270 ಮತ್ತು 3266 ಎಂಬ ಎರಡನ್ನು ಒಂದರ ಹಿಂದೆ ಒಂದು ಹಾಕಿದರೂ ಕಾಣುವುದು ‘ಕೊ’ ಎಂದೇ. ಯುನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ. ಇಂಥ ಸಮಾನ ರೂಪಗಳನ್ನು ಒಂದೇ ರೂಪಕ್ಕೆ ತರುವ ಕೆಲಸಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಆದಷ್ಟು ಕೂಡಿಸಿ ಇಡುವುದು ಎನ್‌ಎಫ್‌ಸಿ, ಬಿಡಿಸಿ ಇಡುವುದು ಎನ್‌ಎಫ್‌ಡಿ. ಸಂಗ್ರಹಕ್ಕೂ ಅಚ್ಚಿಗೂ ಎನ್‌ಎಫ್‌ಸಿ ಇಟ್ಟುಕೊಳ್ಳಿ.

ಒಂದನೆಯ ಹೆಜ್ಜೆ: ಫೈಲ್ ಏನೆಂದು ಮೊದಲು ಪತ್ತೆ ಮಾಡಿ

ಲೇಖಕರು ಕಳಿಸಿದ ಫೈಲಿನಲ್ಲಿ ಗ್ರೀಕ್ ಕೆಟ್ಟು ಕಂಡರೆ ತಿದ್ದಲು ಹೋಗಬೇಡಿ, ಸೇವ್ ಮಾಡಲೂಬೇಡಿ. ಮೊದಲು ಒಂದು ಪ್ರತಿ ತೆಗೆದಿಡಿ. ಆಮೇಲೆ ಕೆಟ್ಟ ಪದದ ಅಕ್ಷರಗಳನ್ನು ಎಣಿಸಿ.

ಎಂಟು ಅಕ್ಷರದ ಪದ ಹದಿನಾರು ಚಿಹ್ನೆಯಾಗಿದ್ದರೆ, ಅದರಲ್ಲೂ ಒಂದು ಬಿಟ್ಟು ಒಂದು ಟೋಪಿ ಇಟ್ಟ ಅಥವಾ ಎರಡು ಚುಕ್ಕೆಯ ದೊಡ್ಡ ‘ಐ’ ಆಗಿದ್ದರೆ, ಯುಟಿಎಫ್-8 ಪಠ್ಯವನ್ನು ಪ್ರೋಗ್ರಾಮ್ ವಿಂಡೋಸ್-1252 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್) ಎಂದು ತಪ್ಪಾಗಿ ಓದುತ್ತಿದೆ. ಹೊಸ ಗ್ರೀಕಿನ ಅಕ್ಷರಗಳ ಮೊದಲ ಬೈಟ್ ಬಹುತೇಕ 206 ಅಥವಾ 207, ಅವೇ ಆ ‘ಐ’ಗಳು. 7936ರ ಮೇಲಿನ ಅಕ್ಷರಗಳು ಮೂರು ಬೈಟ್ ಹಿಡಿಯುತ್ತವೆ ಮತ್ತು 225ರಿಂದ ಶುರುವಾಗುತ್ತವೆ. ಹೋಲಿಸಿ ನೋಡಲು ಪಕ್ಕದಲ್ಲೇ ಬೇರೆ ಲಿಪಿಗಳೂ ಇರುತ್ತವೆ. ಕನ್ನಡ ಹೀಗೆ ಕೆಟ್ಟಾಗ 224ರ ನಂತರ 178 ಅಥವಾ 179 ಬರುತ್ತದೆ, ಅಂದರೆ ಗೆರೆ ಎಳೆದ ಸಣ್ಣ ‘ಎ’ಯ ಪಕ್ಕ ಮೇಲಕ್ಕೇರಿದ 2 ಅಥವಾ 3 ಕಾಣುತ್ತದೆ. ಮಲಯಾಳದಲ್ಲಿ 224ರ ನಂತರ 180 ಅಥವಾ 181. ಮೂರೂ ಲಿಪಿ ಒಟ್ಟಿಗೆ ಕೆಟ್ಟಿದ್ದರೆ ಫೈಲ್ ಯುಟಿಎಫ್-8, ತೆರೆದ ಬಗೆ ತಪ್ಪು. ಇದು ಸುಲಭವಾಗಿ ಸರಿಯಾಗುತ್ತದೆ.

ಎಂಟು ಅಕ್ಷರ ಎಂಟೇ ಚಿಹ್ನೆಯಾಗಿ, ಗುಣಾಕಾರ ಚಿಹ್ನೆಯಿಂದ ಶುರುವಾಗಿ ಉಳಿದವು ಬಹುತೇಕ ಯುರೋಪಿನ ಗುರುತುಳ್ಳ ಅಕ್ಷರಗಳಾಗಿದ್ದರೆ, ಅದು ಅಕ್ಷರಕ್ಕೊಂದು ಬೈಟ್ ಇರುವ ಹಳೆಯ ಗ್ರೀಕ್ ಎನ್‌ಕೋಡಿಂಗ್: ಐಎಸ್‌ಒ 8859-7 ಅಥವಾ ವಿಂಡೋಸ್-1253. ಯುನಿಕೋಡ್ ಸಂಖ್ಯೆಯಿಂದ 720 ಕಳೆದರೆ ಐಎಸ್‌ಒ 8859-7ರಲ್ಲಿ ಆ ಅಕ್ಷರದ ಬೈಟ್ ಸಿಗುತ್ತದೆ. ಖೀ 935, ಕಳೆದರೆ 215. ಅದು 1252ರಲ್ಲಿ ಗುಣಾಕಾರ ಚಿಹ್ನೆ.

ಈ ಎರಡು ಎನ್‌ಕೋಡಿಂಗ್‌ಗಳನ್ನು ಒಂದೇ ಎಂದುಕೊಳ್ಳುವವರು ಬಹಳ. ಅಕ್ಷರಗಳ ಮಟ್ಟಿಗೆ ವ್ಯತ್ಯಾಸ ಒಂದೇ ಒಂದು, ಅದೂ ತಲೆಗುರುತಿನ ದೊಡ್ಡ ಆಲ್ಫಾ. ಐಎಸ್‌ಒನಲ್ಲಿ ಅದು 182, ವಿಂಡೋಸ್-1253ರಲ್ಲಿ 162. ಐಎಸ್‌ಒ ಫೈಲನ್ನು 1253 ಎಂದು ತೆರೆದರೆ ಎಲ್ಲ ಅಕ್ಷರವೂ ಸರಿಯಾಗಿ ಕಂಡು, ಆ ಆಲ್ಫಾದಿಂದ ಶುರುವಾಗುವ ಹೆಸರುಗಳಲ್ಲಿ ಮಾತ್ರ ಅದರ ಜಾಗದಲ್ಲಿ ಪ್ಯಾರಾ ಗುರುತು (¶) ಕೂರುತ್ತದೆ. ಪುಟದ ಮೇಲೆ ಕಣ್ಣಾಡಿಸಿದರೆ ಗೊತ್ತಾಗುವುದಿಲ್ಲ, ಅಚ್ಚಾದ ಮೇಲೆ ಕಾಣುತ್ತದೆ. ಹಳೆಯ ಎನ್‌ಕೋಡಿಂಗ್‌ನ ಗ್ರೀಕ್ ಫೈಲ್ ಕೈಗೆ ಬಂದ ಕೂಡಲೇ ಪ್ಯಾರಾ ಗುರುತನ್ನು ಹುಡುಕಿ ನೋಡಿ.

ಚೌಕಗಳು ಕಂಡರೆ ಪಠ್ಯ ಸರಿಯಿದ್ದು ಫಾಂಟ್ ಮಾತ್ರ ಸಾಲದೆ ಇರುವ ಸಾಧ್ಯತೆ ಹೆಚ್ಚು. ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಅಕ್ಷರ ಹೋಯಿತೆಂದೇ ಲೆಕ್ಕ. ಯಾರೋ ಆ ಫೈಲನ್ನು ಎಎನ್‌ಎಸ್‌ಐ ಎಂದು ಸೇವ್ ಮಾಡಿದ್ದಾರೆ. ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಎಎನ್‌ಎಸ್‌ಐ ಎಂದರೆ ಸಾಮಾನ್ಯವಾಗಿ 1252, ಅದರಲ್ಲಿ ಗ್ರೀಕ್ ಅಕ್ಷರಮಾಲೆಗೆ ಜಾಗವಿಲ್ಲ. ಕೆಲವು ಪ್ರೋಗ್ರಾಮ್‌ಗಳು ಆಲ್ಫಾವನ್ನು ಇಂಗ್ಲಿಷ್ ‘ಎ’, ಟಾವ್ ಅನ್ನು ‘ಟಿ’ ಮಾಡಿ ಉಳಿಸಿ, ಮಿಕ್ಕ ಆರಕ್ಕೂ ಪ್ರಶ್ನಾರ್ಥಕ ಹಾಕುತ್ತವೆ. ಇದಕ್ಕೆ ರಿಪೇರಿ ಇಲ್ಲ. ಲೇಖಕರಿಂದ ಮೂಲ ಫೈಲನ್ನೇ ಮತ್ತೆ ತರಿಸಿಕೊಳ್ಳಬೇಕು.

ಇನ್ನೊಂದು ಬಗೆ ಡಿಟಿಪಿ ಮಾಡುವವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ನುಡಿ, ಬರಹದ ಹಳೆಯ ಫಾಂಟುಗಳಂತೆ ಗ್ರೀಕಿನಲ್ಲೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಗ್ರೀಕ್ ಚಿತ್ರ ಕೂರಿಸಿದ ಫಾಂಟುಗಳಿದ್ದವು. ಸಿಂಬಲ್ ಫಾಂಟ್ ಎಲ್ಲರೂ ಕಂಡದ್ದೇ, ಅದರಲ್ಲಿ ತಲೆಗುರುತಿನ ಅಕ್ಷರಗಳೇ ಇಲ್ಲ. ಪದವನ್ನು ಆರಿಸಿ ಫಾಂಟ್ ಬದಲಾಯಿಸಿ. ಇಂಗ್ಲಿಷ್ ಅಕ್ಷರ ಆಯಿತೆಂದರೆ ಅದು ಇದೇ. ಎನ್‌ಕೋಡಿಂಗ್ ಆಯ್ಕೆ ಯಾವುದೂ ಇದಕ್ಕೆ ನಾಟದು. ಆ ಫಾಂಟಿಗೇ ಮಾಡಿದ ಕನ್ವರ್ಟರ್ ಬೇಕು, ಪದಗಳು ಹತ್ತಿಪ್ಪತ್ತೇ ಆದರೆ ಹೊಸದಾಗಿ ಟೈಪ್ ಮಾಡುವುದೇ ಲೇಸು.

ಎರಡನೆಯ ಹೆಜ್ಜೆ: ಯುಟಿಎಫ್-8ಕ್ಕೆ ತನ್ನಿ

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎನ್‌ಕೋಡಿಂಗ್ ಮೆನು, ಅದರಲ್ಲಿ ಕ್ಯಾರೆಕ್ಟರ್ ಸೆಟ್ಸ್, ಅದರೊಳಗೆ ಗ್ರೀಕ್. ಐಎಸ್‌ಒ 8859-7 ಅಥವಾ ವಿಂಡೋಸ್-1253 ಆರಿಸಿ. ಅಕ್ಷರ ಸರಿಯಾಗಿ ಕಂಡ ಮೇಲೆಯೇ ಅದೇ ಮೆನುವಿನ ‘ಕನ್ವರ್ಟ್ ಟು ಯುಟಿಎಫ್-8’ ಒತ್ತಿ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಮೊದಲಿನದು ಬೈಟ್‌ಗಳನ್ನು ಹೇಗೆ ಓದಬೇಕೆಂದು ಹೇಳುತ್ತದೆ, ಎರಡನೆಯದು ಬೈಟ್‌ಗಳನ್ನೇ ಬದಲಾಯಿಸುತ್ತದೆ. ಈ ಕ್ರಮ ತಪ್ಪಿ, ಕೆಟ್ಟು ಕಾಣುತ್ತಿರುವಾಗಲೇ ಕನ್ವರ್ಟ್ ಮಾಡಿದರೆ ಕೆಡುಕೇ ಖಾಯಂ ಆಗುತ್ತದೆ.

ಹಾಗೆ ಖಾಯಂ ಆದದ್ದನ್ನು ಬೈಟ್ ನೋಡಿ ಗುರುತಿಸಬಹುದು. ತಲೆಗುರುತಿನ ಸಣ್ಣ ಆಲ್ಫಾ 940 ಇರಬೇಕಾದದ್ದು 206, 172 ಎಂಬ ಎರಡು ಬೈಟ್. ಎರಡು ಸಲ ಎನ್‌ಕೋಡ್ ಆದರೆ 195, 142, 194, 172 ಎಂದು ನಾಲ್ಕಾಗುತ್ತದೆ. ಫೈಲ್ ತುಂಬ 195, 194 ಕಂಡರೆ ಸಂಶಯ ಬೇಡ. ಬಿಡಿಸುವ ದಾರಿ: ಪಠ್ಯವನ್ನು ಯುಟಿಎಫ್-8 ಎಂದು ಓದಿ, 1252ಕ್ಕೆ ಬರೆದು, ಬಂದ ಬೈಟ್‌ಗಳನ್ನು ಮತ್ತೆ ಯುಟಿಎಫ್-8 ಎಂದು ಓದುವುದು.

ಆದರೆ ಇಲ್ಲಿ ಕೆಲವು ಅಕ್ಷರ ಕೈಕೊಡುತ್ತವೆ, ಯಾವುವು ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. 1252ರಲ್ಲಿ 129, 141, 143, 144, 157ಕ್ಕೆ ಅಕ್ಷರವೇ ಇಲ್ಲ. ರೋ ಅಕ್ಷರದ ಎರಡನೆಯ ಬೈಟ್ 129, ತಲೆಗುರುತಿನ ಸಣ್ಣ ಇಪ್ಸಿಲಾನ್‌ನದು 141. ಕೆಟ್ಟ ಪಠ್ಯವನ್ನು ನಕಲು ಮಾಡಿ ಅಂಟಿಸುವಾಗ ಇವು ಬಿದ್ದುಹೋಗಬಹುದು. ತಲೆಗುರುತಿನ ಸಣ್ಣ ಎಪ್ಸಿಲಾನ್‌ನ ಎರಡನೆಯ ಬೈಟ್ 173, ಅದು ಕಣ್ಣಿಗೆ ಕಾಣದ ಹೈಫನ್. ದೊಡ್ಡ ಪೈಯದು 160, ಅದು ಮುರಿಯದ ಖಾಲಿ ಜಾಗ. ‘ಹೆಚ್ಚುವರಿ ಸ್ಪೇಸ್ ತೆಗೆಯಿರಿ’ ಎಂದು ಯಾರಾದರೂ ಪಠ್ಯವನ್ನು ಶುಚಿ ಮಾಡಿದ್ದರೆ ಇವೆರಡೂ ಅಲ್ಲೇ ಕೆಟ್ಟಿರುತ್ತವೆ. ಹಾಗಾಗಿ ರಿಪೇರಿ ಯಾವಾಗಲೂ ಮೂಲ ಫೈಲಿನ ಮೇಲೆ ನಡೆಯಲಿ, ವಾಟ್ಸಾಪಿಗೆ ಅಂಟಿಸಿದ ಪಠ್ಯದ ಮೇಲಲ್ಲ. ಮುಗಿದ ಮೇಲೆ ಈ ನಾಲ್ಕು ಅಕ್ಷರ ಬರುವ ಪದಗಳನ್ನು ಒಂದೊಂದಾಗಿ ಮೂಲಕ್ಕೆ ಹಿಡಿದು ನೋಡಿ.

ಎಕ್ಸೆಲ್‌ಗೆ ಬರುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನ ‘ಫ್ರಮ್ ಟೆಕ್ಸ್ಟ್’ ಮೂಲಕ ತಂದು, ಫೈಲ್ ಒರಿಜಿನ್ ಕಡೆ 65001 ಯುನಿಕೋಡ್ ಆರಿಸಿ. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಇರಲಿ.

ಮೂರನೆಯ ಹೆಜ್ಜೆ: ಎನ್‌ಎಫ್‌ಸಿ

ಯುಟಿಎಫ್-8 ಆದ ಮಾತ್ರಕ್ಕೆ ಮೂರು ರೂಪ ಒಂದಾಗುವುದಿಲ್ಲ. ಎಕ್ಸೆಲ್‌ನಲ್ಲಿ ಪದವನ್ನು ಅಂಟಿಸಿ, ಮಿಡ್ ಫಂಕ್ಷನ್‌ನಿಂದ ನಾಲ್ಕನೆಯ ಅಕ್ಷರ ಹೆಕ್ಕಿ ಯುನಿಕೋಡ್ ಫಂಕ್ಷನ್‌ಗೆ ಕೊಡಿ. 943 ಬಂದರೆ ಸರಿ. 8055 ಅಥವಾ 953 ಬಂದರೆ ನಾರ್ಮಲೈಸ್ ಮಾಡಬೇಕು. ಪದದ ಉದ್ದ ನೋಡಿ ನಿರ್ಧರಿಸಬೇಡಿ. ಲೆನ್ ಫಂಕ್ಷನ್ ಬಿಡಿಸಿದ ರೂಪಕ್ಕೆ 9 ಎಂದರೂ, 8055 ಇರುವ ಪದಕ್ಕೆ 8 ಎಂದೇ ಹೇಳುತ್ತದೆ.

ಪೈಥಾನ್‌ನಲ್ಲಿ ಇದು ಸಣ್ಣ ಕೆಲಸ. ಫೈಲನ್ನು ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ ತೆರೆಯಿರಿ, ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂದು ಹೇಳಿ ಪಠ್ಯ ಕೊಡಿ, ಬಂದದ್ದನ್ನು ಮತ್ತೆ ಯುಟಿಎಫ್-8 ಆಗಿ ಬರೆಯಿರಿ. ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಏನೂ ಹೇಳದಿದ್ದರೂ ಎನ್‌ಎಫ್‌ಸಿಯನ್ನೇ ಮಾಡುತ್ತದೆ. ಹಳೆಯ ಖಂಡದ 16 ಓಕ್ಸಿಯಾ ಅಕ್ಷರಗಳು ಹೊಸ ಖಂಡದ ಟೋನೋಸ್ ಅಕ್ಷರಗಳಾಗುತ್ತವೆ. 8049 ಹೋಗಿ 940, 8051 ಹೋಗಿ 941, 8055 ಹೋಗಿ 943, ಹೀಗೆ. ಹಳೆಯ ಗ್ರೀಕ್ ಓದುವವರಿಗೆ ಇದು ನಷ್ಟವಲ್ಲ, ಯುನಿಕೋಡ್ ಎರಡನ್ನೂ ಒಂದೇ ಎಂದು ನಿಗದಿ ಮಾಡಿದೆ.

ಕೂಡಿಸಲು ಆಗದೆ ಉಳಿಯುವುದು ಗುರುತುಗಳ ಕ್ರಮ ತಪ್ಪಿದಾಗ. ಆಲ್ಫಾ 945ರ ನಂತರ ಮೊದಲು ಉಸಿರುಗುರುತು 788, ಆಮೇಲೆ ಸ್ವರಭಾರ 769 ಬಂದರೆ ಎನ್‌ಎಫ್‌ಸಿ ಅದನ್ನು 7941 ಎಂಬ ಒಂದೇ ಅಕ್ಷರ ಮಾಡುತ್ತದೆ. ಮೊದಲು 769, ಆಮೇಲೆ 788 ಬಂದರೆ 940 ಆಗಿ, ಉಸಿರುಗುರುತು ಒಂಟಿಯಾಗಿ ಅದರ ತಲೆಯ ಮೇಲೆ ತೇಲುತ್ತದೆ. ಅಡಿಯ ಇಯೋಟಾ 837 ಮಾತ್ರ ಎಲ್ಲಿದ್ದರೂ ತನ್ನ ಜಾಗಕ್ಕೆ ಬರುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಈ ತಪ್ಪು ಕಾಣಬಹುದು. ನಾರ್ಮಲೈಸ್ ಮಾಡಿದ ಮೇಲೂ 768ರಿಂದ 879ರೊಳಗಿನ ಯಾವ ಬಿಡಿ ಗುರುತು ಉಳಿದಿದೆಯೆಂದು ಹುಡುಕಿ. ಉಳಿದದ್ದೆಲ್ಲ ಕಣ್ಣಿಟ್ಟು ನೋಡಬೇಕಾದ ಜಾಗ.

ಎರಡು ಎಚ್ಚರಿಕೆ. ಗ್ರೀಕ್ ಪ್ರಶ್ನಾರ್ಥಕ 894 ಎನ್‌ಎಫ್‌ಸಿಯಲ್ಲಿ ಸಾದಾ ಅರ್ಧವಿರಾಮ 59 ಆಗುತ್ತದೆ. ಅರ್ಧವಿರಾಮದಿಂದ ಕಾಲಂ ಬೇರ್ಪಡಿಸಿದ ಫೈಲಾದರೆ ಸಾಲು ಒಡೆದುಹೋಗುತ್ತದೆ. ಇನ್ನು ಎನ್‌ಎಫ್‌ಕೆಸಿ ಎಂಬ ಇನ್ನೂ ಬಲವಾದ ರೂಪವನ್ನು ವಿಜ್ಞಾನದ ಪಠ್ಯಕ್ಕೆ ಬಳಸಬೇಡಿ. ಅಳತೆಯ ಮೈಕ್ರೋ ಚಿಹ್ನೆ 181 ಗ್ರೀಕ್ ಮ್ಯೂ 956 ಆಗುತ್ತದೆ, ಗಣಿತದ ಫೈ 981 ಸಾದಾ ಫೈ 966 ಆಗುತ್ತದೆ.

ಮಲಯಾಳ ಇರುವ ಪುಟಕ್ಕೆ ಒಂದು ಮಾತು. ಚಿಲ್ಲಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳಿಗೆ) 2008ರ ಯುನಿಕೋಡ್ 5.1ರಲ್ಲಿ ಬಿಡಿ ಸಂಖ್ಯೆ ಬಂತು, ಆದರೆ ಹಳೆಯ ಜೋಡಣೆಯ ರೂಪವನ್ನು ಅದಕ್ಕೆ ಸಮಾನವೆಂದು ಹೇಳಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಬೇರೆಯಾಗಿಯೇ ಬದಲಾಯಿಸಿಕೊಳ್ಳಬೇಕು.

ತಲೆಗುರುತಿಲ್ಲದೆ ಹುಡುಕುವ ವ್ಯವಸ್ಥೆ

ಓದುಗರು ಗ್ರೀಕ್ ಪದವನ್ನು ಗುರುತಿಲ್ಲದೆಯೇ ಟೈಪ್ ಮಾಡಿ ಹುಡುಕುತ್ತಾರೆ. ಅದಕ್ಕೆ ಪ್ರತಿ ಪದದ ಪಕ್ಕ ಗುರುತು ತೆಗೆದ ಇನ್ನೊಂದು ರೂಪ ಇಡಬೇಕು. ಹೆಚ್ಚಿನ ಕಡೆ ಹೇಳಿಕೊಡುವ ದಾರಿ ಏನೆಂದರೆ, ಎನ್‌ಎಫ್‌ಡಿ ಮಾಡಿ, ‘ಎಂಎನ್’ ವರ್ಗದ, ಅಂದರೆ ತಾನಾಗಿ ಜಾಗ ಹಿಡಿಯದ ಗುರುತುಗಳನ್ನೆಲ್ಲ ಅಳಿಸುವುದು. ಗ್ರೀಕ್ ಮಾತ್ರ ಇರುವ ಪಠ್ಯಕ್ಕೆ ಅದು ಸರಿ. ಕನ್ನಡ ಸೇರಿದ ಪಠ್ಯಕ್ಕೆ ಅದು ವಿಷ. ನಮ್ಮ ಅರ್ಧಾಕ್ಷರದ ಹಲಂತ ಗುರುತು, ಗುಡಿಸು, ಎತ್ವ, ಔತ್ವ ಎಲ್ಲವೂ ಅದೇ ವರ್ಗದಲ್ಲಿವೆ. ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ. ‘ಕಾಸರಗೋಡು’ ಪದದ ಓತ್ವ ಎನ್‌ಎಫ್‌ಡಿಯಲ್ಲಿ ಮೂರು ತುಂಡಾಗಿ, ಎತ್ವದ ತುಂಡು ಮಾಯವಾಗಿ, ಗೂ ಅಕ್ಷರದ ಪಕ್ಕ ದೀರ್ಘದ ಕೊಂಬು ನೇತಾಡುತ್ತದೆ. ಆದ್ದರಿಂದ ವರ್ಗ ನೋಡಬೇಡಿ, 768ರಿಂದ 879ರ ಸಂಖ್ಯೆಗಳನ್ನು ಮಾತ್ರ ಅಳಿಸಿ, ಆಮೇಲೆ ಎನ್‌ಎಫ್‌ಸಿ ಮಾಡಿ.

ಸಣ್ಣಕ್ಷರಕ್ಕೆ ತರುವಾಗ ಪೈಥಾನ್‌ನ ಕೇಸ್‌ಫೋಲ್ಡ್ ಬಳಸಿದರೆ ಪದದ ಕೊನೆಯ ಸಿಗ್ಮಾ 962 ಕೂಡ ಸಾದಾ ಸಿಗ್ಮಾ 963 ಆಗಿ ಎರಡೂ ಒಂದಾಗುತ್ತವೆ. ಈ ರೂಪ ಹುಡುಕಾಟಕ್ಕೆ ಮಾತ್ರ, ಅಚ್ಚಿಗೆ ಬಿಡಬೇಡಿ.

ಅಕಾರಾದಿ ಪಟ್ಟಿಯಲ್ಲೂ ಬರೀ ಸಂಖ್ಯೆಯ ಕ್ರಮ ನಡೆಯದು. ತಲೆಗುರುತಿನ ಆಲ್ಫಾ 940 ಸಾದಾ ಆಲ್ಫಾ 945ಕ್ಕಿಂತ ಮೊದಲು ಬರುತ್ತದೆ, ತಲೆಗುರುತಿನ ಒಮಿಕ್ರಾನ್ 972 ಒಮೆಗಾ 969ರ ನಂತರ ಬೀಳುತ್ತದೆ. ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4 ಮತ್ತು ಅದರ ಯುನಿಕೋಡ್ ಕೊಲೇಷನ್ (ಅಕ್ಷರಗಳನ್ನು ಹೋಲಿಸಿ ಜೋಡಿಸುವ ಕ್ರಮ) ಇಡಿ. ಟೇಬಲ್ ಸರಿಯಿದ್ದು ಕನೆಕ್ಷನ್ ಮಾತ್ರ ಲ್ಯಾಟಿನ್1 ಆಗಿ ಉಳಿದರೆ ಮೇಲೆ ಹೇಳಿದ ನಾಲ್ಕು ಬೈಟ್‌ನ ಕೆಡುಕು ಶುರುವಾಗುತ್ತದೆ, ಹಾಗಾಗಿ ಎರಡನ್ನೂ ನೋಡಿ.

ಟೈಪ್ ಮಾಡುವುದು, ಅಚ್ಚಿಗೆ ಕಳಿಸುವುದು

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಗ್ರೀಕ್ ಸೇರಿಸಿ. ಹಳೆಯ ಗ್ರೀಕ್ ಬೇಕಾದರೆ ಪಾಲಿಟೋನಿಕ್ (ಹಲವು ತಲೆಗುರುತುಗಳ) ಕೀಬೋರ್ಡನ್ನೂ ಸೇರಿಸಿ. ಸಾದಾ ಗ್ರೀಕ್ ಕೀಬೋರ್ಡಿನಲ್ಲಿ ಇಂಗ್ಲಿಷ್ ಎಲ್ ಪಕ್ಕದ ಅರ್ಧವಿರಾಮದ ಕೀ ಟೋನೋಸ್. ಕನ್ನಡದಲ್ಲಿ ವ್ಯಂಜನ ಒತ್ತಿ ಸ್ವರ ಹಾಕುವ ಅಭ್ಯಾಸದವರು ಇಲ್ಲಿ ಎಡವುತ್ತಾರೆ. ಗ್ರೀಕಿನಲ್ಲಿ ಮೊದಲು ಗುರುತಿನ ಕೀ, ಆಮೇಲೆ ಸ್ವರ. ಶಿಫ್ಟ್ ಜೊತೆ ಅದೇ ಕೀ ಡಿಯಲಿಟಿಕಾ. ಪದದ ಕೊನೆಯ ಸಿಗ್ಮಾ ಡಬ್ಲ್ಯೂ ಕೀಯಲ್ಲಿದೆ. ವೆಬ್ ಪುಟಕ್ಕೆ ಒಂದೆರಡು ಅಕ್ಷರವೇ ಬೇಕಾದರೆ ί ಎಂದು ಸಂಖ್ಯೆಯಲ್ಲೇ ಬರೆದರೂ ನಡೆಯುತ್ತದೆ.

ಶೀರ್ಷಿಕೆಯನ್ನು ಪೂರ್ತಿ ದೊಡ್ಡಕ್ಷರ ಮಾಡುವಾಗ ಗ್ರೀಕಿನಲ್ಲಿ ತಲೆಗುರುತು ಬಿಡುವುದೇ ರೂಢಿ. ಹೆಸರಿನ ಮೊದಲಕ್ಷರ ಮಾತ್ರ ದೊಡ್ಡದಾದರೆ ಗುರುತು ಉಳಿಯಬೇಕು. ಪೈಥಾನ್‌ನ ಅಪ್ಪರ್ ಫಂಕ್ಷನ್ ಪೂರ್ತಿ ದೊಡ್ಡಕ್ಷರ ಮಾಡುವಾಗಲೂ ಗುರುತನ್ನು ತೆಗೆಯುವುದಿಲ್ಲ. ವೆಬ್ ಪುಟದಲ್ಲಿ ಆ ಪದದ ಭಾಷೆ ಗ್ರೀಕ್ ಎಂದು ನಮೂದಿಸಿದ್ದರೆ ಇಂದಿನ ಬ್ರೌಸರುಗಳು ಸರಿಯಾಗಿ ಮಾಡುತ್ತವೆ. ಆಲ್ಫಾದ ಮೇಲೆ ಗುರುತಿದ್ದು ಪಕ್ಕದಲ್ಲಿ ಸಾದಾ ಇಯೋಟಾ ಇದ್ದರೆ, ದೊಡ್ಡಕ್ಷರದಲ್ಲಿ ಗುರುತು ಬಿಟ್ಟಾಗ ಇಯೋಟಾಕ್ಕೆ ಡಿಯಲಿಟಿಕಾ ಬರಬೇಕು. ಇಲ್ಲವಾದರೆ ಎರಡೂ ಸೇರಿ ಬೇರೆಯೇ ಉಚ್ಚಾರವಾಗುತ್ತದೆ. ಶೀರ್ಷಿಕೆಗಳು ಎಷ್ಟಿರುತ್ತವೆ, ಕೈಯಿಂದಲೇ ಟೈಪ್ ಮಾಡಿ.

ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಇಲ್ಲ. ಗ್ರೀಕ್ ಇರುವ ಪುಸ್ತಕವನ್ನು ಅದರಲ್ಲಿ ಕೂರಿಸಲು ಹೊರಡಬೇಡಿ. ಇನ್‌ಡಿಸೈನ್ ಆದರೆ ವರ್ಲ್ಡ್-ರೆಡಿ ಕಂಪೋಸರ್ ಇಡಿ, ಕನ್ನಡದ ಒತ್ತಕ್ಷರಕ್ಕೂ ಅದು ಬೇಕು. ನೋಟೋ ಸಾನ್ಸ್ ಕನ್ನಡದಂಥ ಲಿಪಿಗೊಂದರ ಫಾಂಟಿನಲ್ಲಿ ಗ್ರೀಕ್ ಇರುವುದಿಲ್ಲ. ಪ್ರೋಗ್ರಾಮ್ ತನಗೆ ತೋಚಿದ ಫಾಂಟ್ ಹಾಕುತ್ತದೆ, ಒಂದೇ ಪದದಲ್ಲಿ ತಲೆಗುರುತಿನ ಅಕ್ಷರ ಮಾತ್ರ ದಪ್ಪವಾಗಿ ಬೇರೆ ಕಾಣುವುದು ಇದರಿಂದಲೇ. ಗ್ರೀಕ್ ಪದಗಳಿಗೆ ಪ್ರತ್ಯೇಕ ಕ್ಯಾರೆಕ್ಟರ್ ಸ್ಟೈಲ್ ಮಾಡಿ, ಜೆಂಟಿಯಮ್, ಜಿಎಫ್‌ಎಸ್ ಡಿಡೋ ಅಥವಾ ಪ್ಯಾಲಟಿನೋ ಲಿನೋಟೈಪ್ ಕೊಡಿ. ಮೂರರಲ್ಲೂ ಹಳೆಯ ಗ್ರೀಕಿನ ಗುರುತುಗಳಿವೆ. ವರ್ಡ್‌ನಲ್ಲಿ ಕನ್ನಡದ ಫಾಂಟ್ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬಲ್ಲಿದ್ದು, ಗ್ರೀಕಿನದು ಇಂಗ್ಲಿಷಿನ ಜೊತೆಗಿರುತ್ತದೆ. ಎರಡನ್ನೂ ಬೇರೆಬೇರೆಯಾಗಿ ನಿಗದಿ ಮಾಡಬಹುದು.

ಪಿಡಿಎಫ್ ಮಾಡಿದ ಮೇಲೆ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿಯಲ್ಲಿ ಪ್ರತಿ ಫಾಂಟಿನ ಮುಂದೆ ಎಂಬೆಡೆಡ್ ಎಂದಿದೆಯೇ ನೋಡಿ. ಪುಟವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ಉಸಿರುಗುರುತು ಎಡಕ್ಕೆ ತೆರೆದಿದೆಯೇ ಬಲಕ್ಕೆ ತೆರೆದಿದೆಯೇ ಎಂದು ಗಮನಿಸಿ, ಪ್ಸಿಲಿ ಮತ್ತು ದಾಸಿಯಾಕ್ಕೆ ಇರುವ ವ್ಯತ್ಯಾಸ ಅಷ್ಟೇ. ಮುದ್ರಣಾಲಯಕ್ಕೆ ಪಿಡಿಎಫ್ ಜೊತೆ ಎನ್‌ಎಫ್‌ಸಿ ಮಾಡಿದ ಸಾದಾ ಪಠ್ಯದ ಫೈಲನ್ನೂ ಕಳಿಸಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲೇ ಇರಲಿ. ಗ್ರೀಕ್ ಅಥವಾ ಕನ್ನಡದ ಫೈಲ್ ಹೆಸರುಗಳು ಜಿಪ್ ಮಾಡಿ ಬಿಚ್ಚುವಾಗ ಕೆಡಬಹುದು.